ಜೀರೋ ಬಲ್ಬು ಹಾಡಿದ ಹಾಡು

ತನ್ನ ಜಾಹೀರಾತನ್ನು ತಾನೇ ಹಾಡಿಕೊಂಡು ಶುರುವಾಗೋ ಆಲ್ಬಮ್ ಯಾವುದಾದ್ರೂ ಕೇಳಿದ್ದೀರಾ? ಚರ್ಚಿನ ಮೇಳದ ಥರ ಒಂದಷ್ಟು ಗಂಟಲುಗಳು ಗಂಭೀರವಾಗಿ ಒಟ್ಟಿಗೆ ಏಳುತ್ತವೆ. ಏನೋ ದೊಡ್ಡದು ಬರ್ತಿದೆ ಅಂತ ನೀವು ಬೆನ್ನು ನೆಟ್ಟಗೆ ಮಾಡಿ ಕೂರ್ತೀರಿ. ನೋಡಿದ್ರೆ ಅವರು ಹೇಳ್ತಿರೋದು ಬ್ಯಾಂಡಿನ ಹೆಸರು, ಆಲ್ಬಮ್ಮಿನ ಹೆಸರು, ಮತ್ತು ಅದು ಬಿಡುಗಡೆಯಾಗ್ತಿರೋ ಇಸವಿ. ಅರ್ಧ ನಿಮಿಷದೊಳಗೆ ಕಥೆ ಮುಗಿಯುತ್ತೆ. ನಮ್ಮ ತಿಪಟೂರಿನಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಸಿನಿಮಾ ಬಂದಿದೆ ಅಂತ ಸಾರುತ್ತಿದ್ದರಲ್ಲ, ಅದನ್ನೇ ಹತ್ತು ಜನ ಕಣ್ಣು ಮುಚ್ಚಿ ಭಕ್ತಿಯಿಂದ ಹಾಡಿದ ಹಾಗೆ.

ಆಲ್ಬಮ್ಮಿನ ಹೆಸರು 'ಫ್ಲಡ್'. ಬ್ಯಾಂಡು 'ದೇ ಮೈಟ್ ಬಿ ಜೈಂಟ್ಸ್'. ಬಂದದ್ದು 1990ರ ಜನವರಿಯಲ್ಲಿ. ಬ್ಯಾಂಡು ಅಂದ್ರೂ ಆಗ ಇದ್ದದ್ದು ಇಬ್ಬರೇ, ಇಬ್ಬರ ಹೆಸರೂ ಜಾನ್. ಜಾನ್ ಫ್ಲಾನ್ಸ್‌ಬರ್ಗ್ ಕೈಯಲ್ಲಿ ಗಿಟಾರು, ಜಾನ್ ಲಿನೆಲ್ ಎದೆ ಮೇಲೆ ಅಕಾರ್ಡಿಯನ್ನು. ಡ್ರಮ್ ಬಾರಿಸೋಕೆ ಮೂರನೆಯವನಿಲ್ಲ, ಮಷೀನೇ ಗತಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೂತು ಇವರು ಒಂದು ಆಲ್ಬಮ್ಮಿಗೆ 19 ಹಾಡು ತುಂಬಿದರು. ಎಲ್ಲಾ ಸೇರಿ ಮುಕ್ಕಾಲು ಗಂಟೆಯೂ ಆಗಲ್ಲ. ಬನಶಂಕರಿಯಲ್ಲಿ ಬಸ್ಸು ಹತ್ತಿ ಸಿಲ್ಕ್ ಬೋರ್ಡಿಗೆ ಬರೋಷ್ಟರಲ್ಲಿ ಒಂದು ಸಲ ಪೂರ್ತಿ ಕೇಳಬಹುದು. ಮಳೆ ಬಂದ್ರೆ ಎರಡು ಸಲ.

ನನಗೆ ಇದು ಸಿಕ್ಕಿದ್ದು 2008ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಟೆಸ್ಟಿಂಗ್ ಟೀಮಿನ ಸೀನಿಯರ್ ಒಬ್ಬರು ತಮ್ಮ ಹಾರ್ಡ್‌ಡಿಸ್ಕನ್ನು ಪ್ರಸಾದ ಹಂಚಿದ ಹಾಗೆ ಎಲ್ಲರಿಗೂ ಕೊಡೋರು. ಆಗಿನ ಬೆಂಗಳೂರಿನಲ್ಲಿ ರಾಕ್ ಅಂದ್ರೆ ಕಪ್ಪು ಟೀಶರ್ಟು, ಉದ್ದ ಕೂದಲು. ಹಿಂದಿನ ವರ್ಷ ತಾನೇ ಐರನ್ ಮೇಡನ್‌ನವರು ಅರಮನೆ ಮೈದಾನಕ್ಕೆ ಬಂದು ಹೋಗಿದ್ದರು, ಅದರ ಗುಂಗು ಇನ್ನೂ ಇಳಿದಿರಲಿಲ್ಲ. ಹಾರ್ಡ್‌ಡಿಸ್ಕಿನಲ್ಲೂ ಅದೇ ಗುಡುಗು ಸಿಡಿಲು. 'ಫ್ಲಡ್' ಮಾತ್ರ 'ಜೋಕ್ಸ್' ಅನ್ನೋ ಫೋಲ್ಡರಿನಲ್ಲಿ ಮಿಮಿಕ್ರಿ ಆಡಿಯೋಗಳ ಪಕ್ಕ ಬಿದ್ದಿತ್ತು. ಅದನ್ನು ಅಲ್ಲಿ ಹಾಕಿದವರ ಮೇಲೆ ನನಗೆ ಸಿಟ್ಟೇನಿಲ್ಲ. ಒಂದೇ ಸಲ ಕೇಳಿದವರು ಯಾರಾದ್ರೂ ಅಲ್ಲೇ ಹಾಕ್ತಾರೆ. ಅಕಾರ್ಡಿಯನ್ನಿನ ಪೊಂಯ್ ಪೊಂಯ್, ಮೂಗಿನಲ್ಲಿ ಹಾಡೋ ಗಂಡಸರು, ಕ್ಲಾಸಿನಲ್ಲಿ ಕೊನೇ ಬೆಂಚಲ್ಲಿ ಕೂತು ಬರೆದಂಥ ಪದಗಳು.

ಎರಡನೇ ಹಾಡಿನಿಂದ ಹೇಳ್ತೀನಿ. 'ಬರ್ಡ್‌ಹೌಸ್ ಇನ್ ಯುವರ್ ಸೋಲ್' ಅಂತ. ಇಂಗ್ಲೆಂಡಿನ ಸಿಂಗಲ್ಸ್ ಪಟ್ಟಿಯಲ್ಲಿ ಇದು 6ನೇ ಸ್ಥಾನಕ್ಕೆ ಏರಿತ್ತು. ಕೇಳೋಕೆ ಪಕ್ಕಾ ಪ್ರೇಮಗೀತೆ. ಶ್ರುತಿ ಇದ್ದಕ್ಕಿದ್ದಂತೆ ಮೇಲೆ ಕೆಳಗೆ ಜಾರುತ್ತೆ, ಆದ್ರೂ ಬಾಯಿಗೆ ಬರೋಷ್ಟು ಸಲೀಸು. ಯಾರೋ ಯಾರಿಗೋ, ನಿನ್ನೊಳಗೆ ನನಗೊಂದಿಷ್ಟು ಜಾಗ ಕೊಡು ಅಂತ ಕೇಳ್ಕೋತಿದ್ದಾರೆ. ಯಾರು ಅಂತ ಹುಡುಕ್ತಾ ಹೋದ್ರೆ, ಅದು ಮಗುವಿನ ಕೋಣೆಯಲ್ಲಿ ಸ್ವಿಚ್ಚಿನ ಹತ್ತಿರ ಉರಿಯೋ ಒಂದು ಪುಟಾಣಿ ನೀಲಿ ದೀಪ! ಹಕ್ಕಿ ಆಕಾರದ್ದು. ಎದುರು ಗೋಡೆ ಮೇಲೆ ಒಂದು ದೀಪಸ್ತಂಭದ ಚಿತ್ರ ಇದೆ. ದೀಪಕ್ಕೆ ಅದು ತನ್ನ ವಂಶದ ಹಿರಿಯರ ಫೋಟೋ. ಅವರ ಬಗ್ಗೆ ಗೌರವವೂ ಇದೆ. ಆದ್ರೆ ಅದರ ಪ್ರಾಮಾಣಿಕತೆ ನೋಡಿ: ಆ ಕೆಲಸ ನನಗೆ ಕೊಟ್ಟಿದ್ರೆ ಹಡಗುಗಳೆಲ್ಲಾ ಮುಳುಗಿ ನನ್ನ ಕೆಲಸ ಹೋಗ್ತಿತ್ತು ಅಂತ ತಾನೇ ಒಪ್ಪಿಕೊಳ್ಳುತ್ತೆ.

ಇದು ನನಗೆ ಬೇಗ ಅರ್ಥವಾಯ್ತು, ಯಾಕಂದ್ರೆ ಆ ದೀಪ ನಮ್ಮನೇಲೂ ಇತ್ತು. ನಿಮ್ಮನೇಲೂ ಇದ್ದಿರುತ್ತೆ. ಜೀರೋ ಬಲ್ಬು. ನಮ್ಮ ನಡುಮನೆಯಲ್ಲಿದ್ದದ್ದು ನೀಲಿ. ಅಪ್ಪ ಕೆಇಬಿಯಲ್ಲಿ ಲೈನ್‌ಮನ್. ಆಮೇಲೆ ಇಲಾಖೆಯ ಹೆಸರು ಏನೇನೋ ಬದಲಾದ್ರೂ ಊರಿನವರಿಗೂ ನಮಗೂ ಅದು ಕೊನೇವರೆಗೂ ಕೆಇಬಿಯೇ. ಇಡೀ ಊರಿಗೆ ಕರೆಂಟು ಕೊಡೋ ಮನುಷ್ಯ ತನ್ನ ಮನೇಲಿ ಯಾರಾದ್ರೂ ಫ್ಯಾನು ಆರಿಸದೆ ಎದ್ದು ಬಂದ್ರೆ ಊಟ ಬಿಟ್ಟು ಹೋಗಿ ಆರಿಸಿ ಬರೋರು. ಜೀರೋ ಬಲ್ಬಿಗೆ ಮಾತ್ರ ರಿಯಾಯಿತಿ. "ಅದು ಮೀಟರಿಗೇ ಕಾಣಲ್ಲ ಕಣಮ್ಮ" ಅನ್ನೋರು. ನಾನು ಬಹಳ ದಿನ ಅದು ಕರೆಂಟೇ ಇಲ್ಲದೆ ಉರಿಯುತ್ತೆ ಅಂದ್ಕೊಂಡಿದ್ದೆ. ನಿಜಾಂಶ ಏನಂದ್ರೆ ಆ ಬಲ್ಬು ಹೆಸರಿಗೆ ಸೊನ್ನೆ, ತಿನ್ನೋದು ಸುಮಾರು 15 ವ್ಯಾಟು. ಹಳೇ ತಿರುಗೋ ಚಕ್ರದ ಮೀಟರುಗಳಿಗೆ ಅಷ್ಟು ಸಣ್ಣ ಲೋಡು ಗೊತ್ತಾಗ್ತಿರಲಿಲ್ಲ, ಅದಕ್ಕೇ ಆ ಹೆಸರು ಅಂಟಿಕೊಂಡಿತು. ಇದನ್ನೂ ಅಪ್ಪನೇ ಹೇಳಿದ್ದು, ನಾನು ಇಂಜಿನಿಯರಿಂಗ್ ಸೇರಿದ ಮೇಲೆ, ಇಲಾಖೆಯ ಗುಟ್ಟು ಬಿಟ್ಟುಕೊಡ್ತಿರೋ ಹಾಗೆ ದನಿ ತಗ್ಗಿಸಿ.

'ಫ್ಲಡ್'ನಲ್ಲಿ ಹಾಡೋರೆಲ್ಲಾ ಇಂಥವರೇ, ಮೀಟರಿಗೆ ಕಾಣದವರು. ರಾಕ್ ಹಾಡುಗಳಲ್ಲಿ ಸಾಮಾನ್ಯವಾಗಿ ಇರೋನು ಕ್ರಾಂತಿಕಾರಿ, ಇಲ್ಲಾ ಭಗ್ನಪ್ರೇಮಿ, ಇಲ್ಲಾ ಸೈತಾನನ ಕಡೆಯವನು. ಇಲ್ಲಿ ಯಾರಿದ್ದಾರೆ ನೋಡಿ: ಒಂದು ರಾತ್ರಿ ದೀಪ, ಕಿವಿಯ ಮಷೀನು ಹಾಕ್ಕೊಂಡವನು, ತನ್ನ ಕುರ್ಚಿಯನ್ನು ಯಾರೋ ಪದೇ ಪದೇ ಜರುಗಿಸ್ತಿದ್ದಾರೆ ಅಂತ ಕೊರಗೋನು. ಈ ಕುರ್ಚಿಯವನಿಗೆ ಬೇರೆ ಭಯಂಕರ ಸಮಸ್ಯೆಗಳೂ ಇವೆ. ಅವನ ತಲೆ ತಿನ್ನೋದು ಮಾತ್ರ ಕುರ್ಚಿ. ಓಪನ್ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಈ ಹಾಡನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 'ಮಿನಿಮಮ್ ವೇಜ್' ಅಂತ ಇನ್ನೊಂದಿದೆ, ಒಂದು ನಿಮಿಷಕ್ಕೂ ಕಮ್ಮಿ. ಶೀರ್ಷಿಕೆಯ ಎರಡು ಪದ ಕೂಗಿ, ಚಾವಟಿ ಛಟೀರ್ ಅನ್ನಿಸಿ, ಆಮೇಲೆ ಹಳೇ ಕೌಬಾಯ್ ಸಿನಿಮಾದಲ್ಲಿ ಕುದುರೆ ಓಡಿಸೋ ಥರದ ವಾದ್ಯ. ಕನಿಷ್ಠ ಕೂಲಿಯ ಬಗ್ಗೆ ಹೇಳೋಕೆ ಅಷ್ಟು ಸಾಕು ಅನ್ನಿಸಿರಬೇಕು ಅವರಿಗೆ.

'ಪಾರ್ಟಿಕಲ್ ಮ್ಯಾನ್' ಅನ್ನೋದು ಮಕ್ಕಳ ಹಾಡಿನ ಥರ ಇದೆ. 1991ರಲ್ಲಿ 'ಟೈನಿ ಟೂನ್' ಕಾರ್ಟೂನಿನಲ್ಲಿ ಬಂದು ನಿಜಕ್ಕೂ ಅಮೆರಿಕದ ಮಕ್ಕಳ ಹಾಡೇ ಆಗಿಹೋಯ್ತು. ಕಣದಂಥವನೊಬ್ಬ, ತ್ರಿಕೋನದವನೊಬ್ಬ, ಬ್ರಹ್ಮಾಂಡದವನೊಬ್ಬ, ಕೊನೆಗೆ ಬರೀ ಮನುಷ್ಯ. ತ್ರಿಕೋನದವನಿಗೆ ಕಣದವನ ಜೊತೆಗೂ ಮನುಷ್ಯನ ಜೊತೆಗೂ ಸುಮ್ಮಸುಮ್ಮನೆ ಜಗಳ, ಎರಡು ಸಲವೂ ಗೆಲ್ಲೋನು ಅವನೇ. ಯಾಕೆ ಅಂತ ಹಾಡು ಹೇಳಲ್ಲ. ಇದರ ಗೂಢಾರ್ಥದ ಬಗ್ಗೆ ಜನ ಮೂವತ್ತು ಪುಟ ವಾದ ಮಾಡಬಲ್ಲರು. ವರ್ಷಕ್ಕೊಂದು ಸಲ ಅಪ್ರೈಸಲ್ ರೂಮಿನ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗೋ ನಮಗೆ ಆ ವಾದ ಅನಗತ್ಯ. ತ್ರಿಕೋನದವನನ್ನು ನಾವು ಖುದ್ದಾಗಿ ಬಲ್ಲೆವು.

ಇವರು ಹಾಡನ್ನು ಜನರಿಗೆ ತಲುಪಿಸಿದ ದಾರಿಯೂ ಇಷ್ಟೇ ಪುಟ್ಟದು. ಎಂಬತ್ತರ ದಶಕದಲ್ಲಿ ಲಿನೆಲ್ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರ್ಕೊಂಡರು. ಅದೇ ಹೊತ್ತಿಗೆ ಫ್ಲಾನ್ಸ್‌ಬರ್ಗ್ ಮನೇಲಿ ಕಳ್ಳತನ ಆಯ್ತು. ಸ್ಟೇಜು ಹತ್ತೋ ಹಾಗಿಲ್ಲ. ಸರಿ, ಮನೆಯ ಫೋನಿನ ಆನ್ಸರಿಂಗ್ ಮಷೀನಿಗೇ ಹಾಡು ತುಂಬಿ, ನಂಬರನ್ನು ಪೇಪರಿನಲ್ಲಿ ಜಾಹೀರಾತು ಕೊಟ್ಟರು. ಫೋನ್ ಮಾಡಿದ್ರೆ ಒಂದು ಹಾಡು ಕೇಳುತ್ತೆ, ಅಷ್ಟೇ. 'ಡಯಲ್ ಎ ಸಾಂಗ್' ಅಂತ ಹೆಸರು. ಆಫೀಸಿನಿಂದ ಮಾಡಿದ್ರೆ ಪುಕ್ಕಟೆ ಅನ್ನೋದು ಅದರ ಘೋಷವಾಕ್ಯ. ಅಂದ್ರೆ ಬಿಲ್ಲು ಬಾಸಿನ ತಲೆ ಮೇಲೆ! ಒಂದು ಸಲಕ್ಕೆ ಒಬ್ಬರೇ ಕೇಳಬಹುದಾದ ಕಛೇರಿ ಅದು. ನನಗೆ ಈ ಇಬ್ಬರ ಮೇಲೆ ಪ್ರೀತಿ ಹುಟ್ಟೋಕೆ ಇಷ್ಟೇ ಸಾಕಿತ್ತು ಅಂತ ಕಾಣುತ್ತೆ, ಆಲ್ಬಮ್ ಅದರ ಮೇಲೆ ಬಡ್ಡಿ.

ಹಾಗಂತ 19ಕ್ಕೆ 19ನ್ನೂ ತಲೆ ಮೇಲೆ ಹೊತ್ಕೊಂಡು ಮೆರೆಸೋಕೆ ನಾನು ತಯಾರಿಲ್ಲ. ನಾಲ್ಕು ಹಾಡುಗಳನ್ನು ಮ್ಯಾಡ್‌ನೆಸ್ ಬ್ಯಾಂಡಿನ ಜೊತೆ ಕೆಲಸ ಮಾಡಿದ್ದ ಕ್ಲೈವ್ ಲ್ಯಾಂಗರ್ ಮತ್ತು ಅಲನ್ ವಿನ್‌ಸ್ಟ್ಯಾನ್ಲಿ ಪ್ರೊಡ್ಯೂಸ್ ಮಾಡಿದ್ದಾರೆ. ಅವು ಇಸ್ತ್ರಿ ಮಾಡಿದ ಅಂಗಿ ಥರ ಹೊಳೆಯುತ್ತವೆ. ಉಳಿದವು ಅಷ್ಟು ಹೊಳೆಯಲ್ಲ. ಎರಡನೇ ಅರ್ಧದಲ್ಲಿ ಒಂದೆರಡು ಕಡೆ ಇಬ್ಬರೂ ತಮಗೆ ತಾವೇ ನಗ್ತಾ ಕೂತ ಹಾಗಿದೆ, ನಾವು ಬಾಗಿಲಲ್ಲಿ ನಿಂತು ಕಾಯಬೇಕು. 'ಹಾಟ್ ಚಾ' ಬಂದ್ರೆ ನಾನು ಈಗಲೂ ಮುಂದಕ್ಕೆ ಒತ್ತುತ್ತೀನಿ.

'ಯುವರ್ ರೇಸಿಸ್ಟ್ ಫ್ರೆಂಡ್' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಇಲ್ಲೂ ಕುಣಿಸೋ ತಾಳವೇ. ಒಂದು ಪಾರ್ಟಿ. ಅತಿಥಿಯೊಬ್ಬ ಜನಾಂಗದ ಬಗ್ಗೆ ಹೊಲಸು ಮಾತಾಡ್ತಿದ್ದಾನೆ. ಹಾಡೋನು ಅವನನ್ನು ಬೈಯಲ್ಲ. ಪಾರ್ಟಿ ಕೊಟ್ಟವರ ಕಡೆ ತಿರುಗಿ, ನಿಮ್ಮ ಈ ಗೆಳೆಯನ ಜೊತೆ ನಾನು ನಿಲ್ಲಲಾರೆ, ಹೊರಟೆ ಅಂತಾನೆ. ಪ್ರಶ್ನೆ ಇರೋದು ಕೆಟ್ಟವನ ಬಗ್ಗೆ ಅಲ್ವೇ ಅಲ್ಲ, ಅವನನ್ನು ಸಹಿಸ್ಕೊಂಡು ನಗೋ ಒಳ್ಳೆಯವರ ಬಗ್ಗೆ.

ಕೆಲವು ವರ್ಷದ ಹಿಂದೆ ಗೆಳತಿಯೊಬ್ಬಳ ಫ್ಲಾಟಿನಲ್ಲಿ ಹೊಸಮನೆ ಪಾರ್ಟಿ. ಹನ್ನೊಂದನೇ ಮಹಡಿ. ಬಾಲ್ಕನಿಯಲ್ಲಿ ಒಬ್ಬ, ಒಳ್ಳೇ ಕಂಪನಿಯಲ್ಲಿ ಒಳ್ಳೇ ಹುದ್ದೆಯವನು, ಕೆಳಗೆ ಗೇಟಿನಲ್ಲಿದ್ದ ಅಸ್ಸಾಮಿನ ಸೆಕ್ಯೂರಿಟಿ ಹುಡುಗನ ಮಾತನ್ನು ಅಣಕಿಸೋಕೆ ಶುರು ಮಾಡಿದ. ಕಣ್ಣನ್ನು ಬೆರಳಿಂದ ಎಳೆದು ತೋರಿಸಿದ. ಅವರು ಏನೇನು ತಿಂತಾರೆ ಅನ್ನೋ ಹಳೇ ಜೋಕು ಬಂತು. ಏಳೆಂಟು ಜನ ನಕ್ಕರು. ನಾನು, ಇದು ನಿಲ್ಲಿಸಿ ಅಂದೆ. ಅವನು ಕೈ ಎತ್ತಿ, "ಅಯ್ಯೋ, ತಮಾಷೆಗಪ್ಪ" ಅಂದ. ಗೆಳತಿ ನನ್ನನ್ನು ಅಡುಗೆಮನೆಗೆ ಎಳ್ಕೊಂಡು ಹೋಗಿ, "ಅವನು ಮನುಷ್ಯ ತುಂಬಾ ಒಳ್ಳೇವ್ನು ಕಣೇ, ಕುಡಿದಿದಾನೆ, ಇವತ್ತೊಂದಿನ ಬಿಡೇ" ಅಂದಳು. ಚಪ್ಪಲಿ ಹಾಕ್ಕೊಂಡು ಬಂದುಬಿಟ್ಟೆ. ಕ್ಯಾಬು ಬರೋಕೆ 25 ನಿಮಿಷ. ಗೇಟಿನಲ್ಲಿ ಆ ಹುಡುಗ ತನ್ನ ಪ್ಲಾಸ್ಟಿಕ್ ಕುರ್ಚಿ ಬಿಟ್ಟುಕೊಟ್ಟು, ಹರಕು ಕನ್ನಡದಲ್ಲಿ "ಕೂತ್ಕೊಳ್ಳಿ ಮೇಡಂ" ಅಂದ. ಆ ಗೆಳತಿ ಆಮೇಲೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹತ್ತು ವರ್ಷದ ಸ್ನೇಹ, ಒಂದೇ ಪಿಜಿಯಲ್ಲಿ ಒಂದೇ ಬಕೆಟ್ಟು ಹಂಚ್ಕೊಂಡವರು. ಬೇಜಾರು ಈಗಲೂ ಇದೆ.

ಅವತ್ತು ಕ್ಯಾಬಿನಲ್ಲಿ ಕೂತಾಗ ಹೊಳೆದದ್ದು: ಇಡೀ ಆಲ್ಬಮ್ಮನ್ನೇ ತಮಾಷೆಯಿಂದ ಕಟ್ಟಿದವರಿಗೆ, 'ತಮಾಷೆಗಪ್ಪ' ಅನ್ನೋ ಮಾತು ಯಾವಾಗ ಸುಳ್ಳು ಅನ್ನೋದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಬಾಲ್ಕನಿಯ ಜೋಕಿಗೆ ಕೆಳಗಿರೋನೊಬ್ಬ ಬೇಕು. 'ಫ್ಲಡ್'ನ ಜೋಕುಗಳನ್ನು ಹೇಳ್ತಿರೋನೇ ಆ ಕೆಳಗಿರೋನು.

ಇನ್ನು 'ಡೆಡ್'. ಪಿಯಾನೋ, ಇಬ್ಬರ ದನಿ, ಹೆಚ್ಚು ಗಲಾಟೆ ಇಲ್ಲ. ಸತ್ತವನೊಬ್ಬ ಹಾಡ್ತಾನೆ. ಅವನ ಪುನರ್ಜನ್ಮ ಆಗಿದೆ, ದಿನಸಿ ಚೀಲವಾಗಿ! ಅದೂ ಅವಧಿ ಮುಗಿಯೋ ತಾರೀಖಿಗೆ ಮುಂಚೆಯೇ ಅಂಗಡಿಯ ಶೆಲ್ಫಿನಿಂದ ಕೈತಪ್ಪಿ ತೆಗೆದ ಚೀಲ. ಎಂಬತ್ನಾಲ್ಕು ಲಕ್ಷ ಜೀವರಾಶಿಗಳ ಲೆಕ್ಕ ಕೇಳಿ ಬೆಳೆದ ನಮಗೂ ಈ ಜನ್ಮ ಹೊಸದು. ತಾನು ಹೋದಾಗ ಜನ ಸಂಭ್ರಮಪಟ್ಟರೇನೋ ಅನ್ನೋ ಅನುಮಾನ ಅವನಿಗೆ. ಸತ್ತು ಏನೂ ಮಾಡದೆ ಉಳಿದದ್ದು ದುಃಖವೋ, ಬದುಕಿದ್ದೂ ಏನು ಮಾಡಬೇಕು ಅಂತ ತೋಚದಿರೋದು ದುಃಖವೋ, ಎರಡೂ ಒಂದರೊಳಗೊಂದು ಕಲಸಿಹೋಗಿವೆ.

ಮೊದಲೆಲ್ಲಾ ನಗ್ತಾ ಕೇಳ್ತಿದ್ದೆ. 2012ರಲ್ಲಿ ಅಪ್ಪ ಹೋದರು, ಹಾರ್ಟ್ ಅಟ್ಯಾಕು. ಕಂಬ ಹತ್ತಿ ಮೂವತ್ತೈದು ವರ್ಷ ಏನೂ ಆಗದ ಮನುಷ್ಯ ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದರು. ವೈಕುಂಠ ಸಮಾರಾಧನೆ ಮುಗಿಸಿ ಹದಿನೈದನೇ ದಿನ ಆಫೀಸಿಗೆ ಬಂದೆ. ಆಮೇಲೆ ಯಾವ ಹಾಡೂ ಕೇಳೋಕಾಗ್ತಿರಲಿಲ್ಲ. ಅಪ್ಪನಿಗಿಷ್ಟವಾದ ಭಾವಗೀತೆಗಳ ಕ್ಯಾಸೆಟ್ಟು ಮುಟ್ಟೋದೇ ಬೇಡ, ಮೊದಲ ಆಲಾಪಕ್ಕೇ ಗಂಟಲು ಕಟ್ಟೋದು. ದೊಡ್ಡ ದುಃಖದ ದೊಡ್ಡ ಹಾಡುಗಳು ನನ್ನನ್ನು ಅಳು ಅಂತ ಒತ್ತಾಯ ಮಾಡ್ತಿದ್ದವು. ನನಗಿದ್ದ ದುಃಖಗಳೋ, ಹೇಳಿದ್ರೆ ನಾಚಿಕೆಯಾಗೋಷ್ಟು ಸಣ್ಣವು. ಕನ್ನಡಕದ ಅಂಗಡಿಯವರು ಫೋನ್ ಮಾಡಿ "ಸಾರ್ ಕನ್ನಡಕ ರೆಡಿ ಇದೆ" ಅಂದದ್ದು. ಅಪ್ಪನ ಮೊಬೈಲಿನಲ್ಲಿ ಇನ್ನೂ 42 ರೂಪಾಯಿ ಕರೆನ್ಸಿ ಉಳಿದದ್ದು. ಅಂಗಿ ಜೇಬಿನಲ್ಲಿದ್ದ ಟೆಸ್ಟರು. ಬೀರುವಿನ ಡಬ್ಬಿಯಲ್ಲಿ ಬಿಪಿ ಮಾತ್ರೆಯ ಆರು ಸ್ಟ್ರಿಪ್ಪು ಸಿಕ್ಕವು. ಹಿಂದೆ ತಿರುಗಿಸಿ ನೋಡಿದೆ. ಅವುಗಳ ಅವಧಿ ಇನ್ನೂ ಎರಡು ವರ್ಷ ಇತ್ತು.

ಸ್ಟ್ರಿಪ್ಪು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಾಗ ತಲೆಯೊಳಗೆ ಬಂದದ್ದು ಆ ದಿನಸಿ ಚೀಲ. ನಗು ಬಂತು. ಅದರ ಹಿಂದೆಯೇ, ಹದಿನೈದು ದಿನದಿಂದ ಎಲ್ಲರೂ ಅತ್ತುಬಿಡು ಅತ್ತುಬಿಡು ಅಂದ್ರೂ ಬರದೇ ಇದ್ದ ಅಳು ಬಂತು. ಭಾವಗೀತೆಯಿಂದ ಆಗದೇ ಇದ್ದದ್ದು ಈ ಇಬ್ಬರು ಮೂಗಿನ ಜಾನ್‌ಗಳಿಂದ ಯಾಕಾಯ್ತು ಅಂತ ಆಮೇಲೆ ಬಹಳ ಸಲ ಯೋಚಿಸಿದ್ದೀನಿ. ನನಗನ್ನಿಸೋದು, ಆ ಹಾಡು ನನ್ನ ಸಣ್ಣ ದುಃಖವನ್ನು ಸಣ್ಣದಾಗಿಯೇ ಇಟ್ಟುಕೊಳ್ಳೋಕೆ ಬಿಟ್ಟಿತು. ಜೀವನ ನಶ್ವರ ಅಂತ ನನ್ನ ಕೈಲಿ ಒಪ್ಪಿಸೋಕೆ ಹೋಗಲಿಲ್ಲ. ಎಕ್ಸ್‌ಪೈರಿ ಡೇಟು ನೋಡು, ಅಂತು. ಅಷ್ಟೇ.

ಇಷ್ಟೆಲ್ಲಾ ಹೇಳಿ 'ಇಸ್ತಾಂಬುಲ್' ಬಿಟ್ಟರೆ ಹೇಗೆ? ಈ ಆಲ್ಬಮ್ಮಿನಲ್ಲಿ ಜನ ಮೊದಲು ಗುರುತು ಹಿಡಿಯೋದು ಇದನ್ನೇ. ಇದು ಅವರ ಸ್ವಂತದ್ದಲ್ಲ. 1953ರಲ್ಲಿ ಕೆನಡಾದ 'ಫೋರ್ ಲ್ಯಾಡ್ಸ್' ಹಾಡಿದ್ದು, ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿ ಸರಿಯಾಗಿ 500 ವರ್ಷ ಆದ ಇಸವಿಯಲ್ಲಿ. ಆ ಊರಿಗೆ ಹೆಸರು ಬದಲಾಯ್ತು, ಯಾಕೆ ಬದಲಾಯ್ತು ಅಂತ ನಿಮಗ್ಯಾಕೆ ಅನ್ನೋ ಧಾಟಿ. ಬೆಂಗಳೂರೋ ಬ್ಯಾಂಗಲೋರೋ ಅಂತ ಆಫೀಸಿನ ಈಮೇಲುಗಳಲ್ಲಿ ಇನ್ನೂ ಜಗ್ಗಾಡೋ ನಮಗೆ ಹೇಳಿ ಮಾಡಿಸಿದ್ದು. ಜಾನ್‌ಗಳು ಅದಕ್ಕೆ ಪಿಟೀಲು ಸೇರಿಸಿ, ಓಟದ ವೇಗ ಕೊಟ್ಟು ಇಟ್ಟಿದ್ದಾರೆ.

ಆ 53ರ ಹಾಡಿಗೂ ಒಬ್ಬ ಅಣ್ಣ ಇದ್ದಾನೆ. ಇಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಬಂದ 'ಕಾನ್‌ಸ್ಟಾಂಟಿನೋಪಲ್'. ಆ ಉದ್ದನೆ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳೋದೇ ಅದರ ಮಜಾ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಆ ಓದನ್ನು ಪಕ್ಕಕ್ಕಿಟ್ಟು ನಾಟಕ ಬರೆದ ನಮ್ಮ ಟಿ.ಪಿ. ಕೈಲಾಸಂ ಅದೇ ಧಾಟಿ ಎತ್ತಿಕೊಂಡು ಕನ್ನಡದ ಅಕ್ಷರ ಬಿಡಿಸಿ ಹಾಡಿದ್ದೇ 'ಕೋಳೀಕೆ ರಂಗ'. ಬ್ರೂಕ್ಲಿನ್ನಿನ ಇಬ್ಬರು ಜಾನ್‌ಗಳಿಗೂ ನಮ್ಮ ಹಳ್ಳಿಗ ರಂಗನಿಗೂ ಈ ಲೆಕ್ಕದಲ್ಲಿ ದಾಯಾದಿ ಸಂಬಂಧ!

ಅಪ್ಪ ಹೋದ ಮೇಲೆ ಅಮ್ಮ ಬೆಂಗಳೂರಿಗೆ ಬಂದು ನನ್ನ ಜೊತೆಗಿದ್ದಾಳೆ. ನನ್ನ ಇಂಗ್ಲಿಷ್ ಹಾಡುಗಳ ಬಗ್ಗೆ ಅವಳ ಅಭಿಪ್ರಾಯ, "ಕುಕ್ಕರ್ ಕೂಗಿದ್ದು ಕೇಳ್ಸಲ್ಲ" ಅನ್ನೋದಕ್ಕಿಂತ ಮುಂದೆ ಹೋಗಿದ್ದಿಲ್ಲ. ಒಂದು ಭಾನುವಾರ ಅವಳು ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ 'ಇಸ್ತಾಂಬುಲ್' ಹಾಕಿದೆ. ಕೇಳಿ ಮುಗಿಸಿ, "ಇದೇನೇ, ಯಾರನ್ನೋ ಅಟ್ಟಿಸ್ಕೊಂಡು ಹೋಗ್ತಿದಾರೆ" ಅಂದಳು. ನಾನು ಈ ವಂಶವೃಕ್ಷವೆಲ್ಲಾ ಬಿಡಿಸಿ ಹೇಳಿದೆ. ಕೋಳೀಕೆ ರಂಗನ ಹೆಸರು ಬಂದಿದ್ದೇ ಅವಳ ಕೈ ನಿಂತಿತು. "ಹೈಸ್ಕೂಲಿನ ಸ್ಕೂಲ್‌ ಡೇಯಲ್ಲಿ ನಾನೇ ಹಾಡಿದ್ದು. ಪೇಟ ಕಟ್ಕೊಂಡು, ಕಡ್ಡಿ ಮೀಸೆ ಬರ್ಕೊಂಡು. ನಿಮ್ಮಪ್ಪಂಗೆ ಹೇಳಿದ್ದೆ, ನಂಬಲೇ ಇಲ್ಲ."

"ಹಾಡು ನೋಡೋಣ" ಅಂದೆ.

ಬೇಡ ಅಂದಳು, ಮರ್ತೋಗಿದೆ ಅಂದಳು, ಈ ವಯಸ್ಸಲ್ಲಿ ಅದೊಂದು ಬಾಕಿ ಅಂದಳು. ಆಮೇಲೆ ಅವರೆಕಾಯಿ ಸಿಪ್ಪೆಯ ಮೊರ ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು, ಬೆರಳು ಮಡಚುತ್ತಾ ಒಂದೊಂದೇ ಅಕ್ಷರ ಬಿಡಿಸೋಕೆ ಶುರು ಮಾಡಿದಳು. ಅರ್ಧಕ್ಕೆ ತಪ್ಪಿತು. "ತಾಳು, ತಾಳು" ಅಂದು ಮತ್ತೆ ಮೊದಲಿಂದ ಹಿಡಿದಳು.